ಕಡಲಿಗಿಳಿದ ಮನೆ

ನಾವು ಈ ದ್ವೀಪದ ಊರಿಗೆ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಓಣಿಗೆ ಅಡ್ಡವಾಗಿ ಒಂದು ಹಳದಿ ಮನೆ ನಿಂತಿತ್ತು. ಹಿಂದಿನ ಸಂಜೆ ಅಲ್ಲಿ ಮೇಕೆ ಕಟ್ಟುವ ಗೂಟ ಬಿಟ್ಟರೆ ಬೇರೇನೂ ಇರಲಿಲ್ಲ. ತನ್ನ ಮನೆಯ ಅರ್ಧ ಭಾಗವನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದ ಯೂಲಾಲಿ ಕಸಬರಿಗೆ ಹಿಡಿದುಕೊಂಡೇ ಅದಕ್ಕೊಂದು ಸುತ್ತು ಹಾಕಿ ಬಂದಳು.

"ಗುಡ್ಡದ ಮೇಲಿನ ಡಾಕ್ಟರರ ಮನೆ," ಅಂದಳು. "ಕ್ರಿಸ್‌ಮಸ್ ಮುಗಿಸಿ ಹೋದವರು ಮತ್ತೆ ತಿರುಗಿ ನೋಡಿಲ್ಲ. ಪಾಪ, ಎಷ್ಟು ದಿನ ಅಂತ ಒಂದೇ ಇದ್ದೀತು?"

"ಮತ್ತೆ ನಿಮ್ಮ ಮೇಕೆ?" ಅಂದೆ.

"ಅಡಿಯಲ್ಲಿದೆ. ನೆರಳು ಸಿಕ್ಕಿತು ಅಂತ ಅದಕ್ಕೆ ಖುಷಿ. ಬಾ ಚಿನ್ನ, ಆ ಕಡೆಯ ಮೆಟ್ಟಿಲು ನೀನು ಗುಡಿಸು. ಮನೆ ಬಾಗಿಲಿಗೆ ಬಂದದ್ದನ್ನು ಧೂಳಲ್ಲಿ ನಿಲ್ಲಿಸಬಾರದು."

ನಾನು ಗುಡಿಸಿದೆ. ಮೇಕೆ, ಮೆಟ್ಟಿಲು ಅನ್ನುವಷ್ಟು ಬಿಟ್ಟರೆ, ಏನು, ಯಾಕೆ ಅಂತ ಕೇಳುವಷ್ಟು ಅವರ ಭಾಷೆ ಆಗ ನನಗೆ ಬರುತ್ತಿರಲಿಲ್ಲ. ಭಾಷೆ ಬರುವ ಹೊತ್ತಿಗೆ ಕೇಳುವ ಅಗತ್ಯವೇ ಉಳಿದಿರಲಿಲ್ಲ. ಈ ಊರಿನಲ್ಲಿ ಮನೆಗಳೆಲ್ಲ ಮರದವು. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಅದರ ಮೇಲೆ ಮನೆ, ಅಷ್ಟೆ. ಜನ ಬೀಗ ಹಾಕಿಕೊಂಡು ಹೋಗಿ ಹಲವು ದಿನ ಬಾರದಿದ್ದರೆ ಮನೆ ಕಲ್ಲಿನಿಂದ ಇಳಿದು, ಎಲ್ಲಿ ಮಾತು ಕೇಳಿಸುತ್ತದೋ ಅಲ್ಲಿಗೆ ರಾತ್ರಿ ಹೊತ್ತು ನಡೆದು ಬರುತ್ತದೆ. ಒಮ್ಮೆ ನಡಿಗೆ ಹತ್ತಿತೆಂದರೆ ಖಾಲಿ ಬಿಟ್ಟ ರಾತ್ರಿಯೆಲ್ಲ ಒಂದಿಷ್ಟು ನಡೆಯುತ್ತದೆ. ಒಳಗೆ ಯಾರಾದರೂ ಮಲಗಿದರೆ ಅಲ್ಲಿಯೇ ನಿಲ್ಲುತ್ತದೆ. ಹಗ್ಗ ಹಾಕಿ ಎಳೆದರೆ ಮುರಿಯುತ್ತದೆ. ಹಿಂದೆ ಯಾರೋ ಸಿಮೆಂಟಿನಲ್ಲಿ ಕಟ್ಟಿ ನೋಡಿದರಂತೆ. ಅದೂ ನಡೆಯಿತು, ಆದರೆ ನಡೆಯುತ್ತ ನಡೆಯುತ್ತ ಒಡೆದು ಹೋಯಿತು. ಅಂದಿನಿಂದ ಯಾರೂ ಆ ಗೋಜಿಗೆ ಹೋಗಿಲ್ಲ.

ಜನ ಇದಕ್ಕೆ ಒಗ್ಗಿಹೋಗಿದ್ದರು. ಬಟ್ಟೆ ಒಣಗಿಸುವ ಹಗ್ಗವನ್ನು ಎಳೆದ ಕೂಡಲೇ ಬಿಚ್ಚುವ ಹಾಗೆ ಕಟ್ಟುತ್ತಿದ್ದರು. ಟಪಾಲಿನವನು ಮನೆಯ ಬಣ್ಣ ಹೇಳಿ ದಾರಿಯಲ್ಲಿ ವಿಚಾರಿಸುತ್ತಿದ್ದ. ಚಳಿದೇಶಗಳಲ್ಲಿ ದುಡಿಯುವವರು ರಜೆಗೆ ಬಂದು ಹಡಗಿನಿಂದಿಳಿದರೆ ಮೊದಲು ಕೇಳುವುದು "ನಮ್ಮ ಮನೆ ಈಗ ಎಲ್ಲಿದೆ?" ಅಂತ. ಕಾಣದ ಕಡೆ ಹೋಗದಿರಲಿ ಎಂದು ಕೆಲವರು ಬೀಗದ ಕೈ ಊರಿನ ಹೆಂಗಸರ ಹತ್ತಿರ ಕೊಟ್ಟು ಹೋಗುತ್ತಿದ್ದರು. ದಿನಕ್ಕೊಮ್ಮೆ ಹೋಗಿ ಕಿಟಕಿ ತೆಗೆದು, ನೀರು ಕಾಯಿಸಿ, ಸ್ವಲ್ಪ ಹೊತ್ತು ಕೂತು ಮಾತಾಡಿ ಬರಬೇಕು. ಇದಕ್ಕೆ ಮಾತಿನ ಕೆಲಸ ಎಂದೇ ಹೆಸರು. ರೇಡಿಯೋ ಹಚ್ಚಿಟ್ಟು ಬಂದರೆ ನಡೆಯುವುದಿಲ್ಲ. ಮನೆಗೆ ಗೊತ್ತಾಗುತ್ತದೆ.

ಯೂಲಾಲಿ ಆ ಕೆಲಸದಲ್ಲಿ ಊರಿಗೇ ದೊಡ್ಡವಳು. ಅವಳ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಯಾವಾಗಲೂ ಗಲಗಲ ಅನ್ನುತ್ತಿತ್ತು. ನನ್ನನ್ನೂ ಅವಳೇ ಕರೆದುಕೊಂಡು ಹೋಗಿ ಕಲಿಸಿದಳು. "ಜಗಳ ಆಡು, ಹಾಡು, ಅತ್ತೆಯನ್ನು ಬೈಯಿ, ಏನಾದರೂ ಮಾಡು. ಪಿಸುಗುಟ್ಟಬೇಡ ಅಷ್ಟೆ. ಪಿಸುಗುಟ್ಟಿದರೆ ಮನೆ ಕಿವಿ ಚಾಚುತ್ತೆ, ಗೋಡೆ ಬಿರುಕು ಬಿಡುತ್ತೆ."

ನನ್ನ ಗಂಡ ವಾಮನ ಬಂದರಿನಲ್ಲಿ ಹಡಗಿನ ಎಂಜಿನ್ನು ರಿಪೇರಿ ಮಾಡುತ್ತಾರೆ. ಅಘನಾಶಿನಿ ಹೊಳೆ ಕಡಲು ಸೇರುವ ಕಡೆಯವರು ನಾವಿಬ್ಬರೂ. ವಾಮನ ಹಡಗಿನ ಮೇಲೆ ಹೊರಟವರು ಕೆಲಸ ಸಿಕ್ಕಿತೆಂದು ಈ ಕೆರಿಬಿಯನ್ ಸಮುದ್ರದಲ್ಲಿ ಇಳಿದರು. ಆಮೇಲೆ ಊರಿಗೆ ಹೋಗಿ ಮದುವೆ ಮಾಡಿಕೊಂಡು ನನ್ನನ್ನೂ ಕರೆತಂದರು. ಚಂಪಾ ಹುಟ್ಟಿದ್ದು ಇಲ್ಲಿಯೇ, ಯೂಲಾಲಿಯ ಹಿಂಬದಿಯ ಕೋಣೆಯಲ್ಲಿ. ಯೂಲಾಲಿಯ ಧಾಟಿಯಲ್ಲಿ ನಮ್ಮ ಮಗಳು ಕನ್ನಡ ಮಾತಾಡುತ್ತಾಳೆ, ನನ್ನ ರಾಗದಲ್ಲಿ ಅವರ ಭಾಷೆ ಮಾತಾಡುತ್ತಾಳೆ. ಎರಡನ್ನೂ ಕೇಳಿದವರು ನಗುತ್ತಾರೆ. ಅವಳಿಗೂ ನಗು.

"ಎರಡು ವರ್ಷ ಇದ್ದು ಹೋಗೋಣ" ಎಂದು ಬಂದಿದ್ದು. ಆಮೇಲೆ ಅದು ಚಂಪಾ ನಡೆಯಲು ಕಲಿಯಲಿ ಅಂತಾಯಿತು, ಆಮೇಲೆ ಅವಳು ಓದಲು ಕಲಿಯಲಿ ಅಂತಾಯಿತು. ಕೊನೆಗೆ ಒಂದು ದಿನ ವಾಮನ ಊಟಕ್ಕೆ ಕೂತವರು, "ಇಲ್ಲೊಂದು ಮನೆ ತಗೊಂಡ್ರೆ ಹೆಂಗೆ?" ಅಂದರು.

ನನ್ನ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ಸಂತೋಷವೋ ಭಯವೋ ಹೇಳಲಾರೆ. "ಇರೋದಕ್ಕಾ?" ಎಂದು ಕೇಳಿದೆ.

"ಇರೋದಕ್ಕೆ ಎಂತಕ್ಕೆ? ಇಡೋದಕ್ಕೆ. ಒಂದೆರಡು ವರ್ಷ ಇಟ್ಟು ಮಾರಿದರೆ ಊರಲ್ಲಿ ಹೊಳೆ ಬದಿಗೆ ಜಾಗ ತಗೊಂಡು ಮನೆ ಕಟ್ಟೂದು. ನಿಂಗೆ ಹೋಗ್ಬೇಕು ಅಂತ ಉಂಟಲ್ಲ."

ನಾನು ಹೌದೆಂದೆ. ಇಷ್ಟು ವರ್ಷ ಹಾಗೆಂದೇ ಹೇಳಿಕೊಂಡು ಬಂದಿದ್ದೆನಲ್ಲ.

ಮನೆ ಕೊಡಿಸುವ ದಲ್ಲಾಳಿ ಡೆಸ್ಮಂಡ್ ಬಿಳಿ ಬೂಟು ಹಾಕಿಕೊಂಡು, ಬಿಸಿಲಿಗೆ ಕೊಡೆ ಹಿಡಿದುಕೊಂಡು ಬಂದ. ಒಂದು ಭಾನುವಾರವಿಡೀ ನಮ್ಮನ್ನು ತಿರುಗಾಡಿಸಿದ. ಗುಡ್ಡದ ಮೇಲೆ ತಂಪು, ಆದರೆ ಅಲ್ಲಿಯ ಮನೆಗಳಿಗೆ ಇಳಿಜಾರು ಸಿಕ್ಕರೆ ಸಾಕು, ನಡೆಯಲು ಕಲಿಸಬೇಕಾಗಿಲ್ಲ ಎಂದ. ಬಂದರಿನ ಬೀದಿಯಲ್ಲಿ ಗದ್ದಲ, ಮನೆಗಳು ಅಲ್ಲಿಂದ ಅಲುಗುವುದೇ ಇಲ್ಲ, ಆದರೆ ಕೊಳ್ಳುವವರಿಗೆ ಗದ್ದಲ ಬೇಡ ಎಂದ. ಕೊನೆಗೆ ಮೂಡಣ ಕೊಲ್ಲಿಗೆ ಕರೆದುಕೊಂಡು ಹೋದ. ಬಿಳಿ ಮರಳು, ಹಸಿರು ನೀರು, ನಾಲ್ಕು ಗೂಟ ಹೊಡೆದ ನಿವೇಶನ. ಅದರ ನಡುವೆ ಹೊಸ ಬಣ್ಣದ ವಾಸನೆಯ ನೀಲಿ ಮನೆ.

"ಇರುವ ಜಾಗವೇ ಬೇರೆ, ಹಣ ಹಾಕುವ ಜಾಗವೇ ಬೇರೆ, ಮೇಡಂ," ಅಂದ ಡೆಸ್ಮಂಡ್. "ಇರುವುದಕ್ಕಾದರೆ ಬೇಕರಿ ಹತ್ತಿರ ಇದೆಯಾ ನೋಡಬೇಕು. ಹಣ ಹಾಕುವುದಕ್ಕಾದರೆ ಕಿಟಕಿಯಿಂದ ಏನು ಕಾಣುತ್ತದೆ ನೋಡಬೇಕು. ಇಲ್ಲಿ ಕಡಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಚಳಿದೇಶದವರು ಇದಕ್ಕೆ ಪ್ರಾಣ ಬಿಡುತ್ತಾರೆ. ಒಂದೇ ಒಂದು ಮಾತು. ಒಳಗೆ ಯಾರೂ ವಾಸ ಮಾಡಬಾರದು. ಹುರಿದ ಎಣ್ಣೆ ವಾಸನೆ ಒಮ್ಮೆ ಹಲಗೆಗೆ ಹಿಡಿದರೆ ಬೆಲೆ ಬಿದ್ದುಹೋಗುತ್ತದೆ."

ಚಂಪಾ ಅಷ್ಟರಲ್ಲಿ ಒಳಗೆಲ್ಲ ಓಡಾಡಿ ಬಂದಿದ್ದಳು. "ಅಮ್ಮಾ, ಹಿಂದಿನ ಕೋಣೆ ನಂದು. ಅಲ್ಲಿ ಕಿಟಕಿಯ ಕಟ್ಟೆ ಎಷ್ಟು ಅಗಲ ಇದೆ ಗೊತ್ತಾ? ನಾನು ಅದರ ಮೇಲೇ ಮಲಗ್ತೀನಿ."

"ನಾವು ಇಲ್ಲಿ ಇರಲ್ಲ ಪುಟ್ಟ," ಅಂದರು ವಾಮನ.

"ಹಾಗಾದರೆ ಯಾಕೆ ತಗೋತೀರಿ?"

ದೊಡ್ಡವರು ಮೂವರೂ ಕಡಲು ನೋಡಿದೆವು.

ಮನೆ ಕೊಂಡಿದ್ದಾಯಿತು. ಬಂದರಿನಲ್ಲಿ ಕೈ ಸುಟ್ಟುಕೊಂಡು, ಬೆನ್ನು ಬಗ್ಗಿಸಿ ವಾಮನ ಉಳಿಸಿದ್ದೆಲ್ಲ ಆ ಹಲಗೆಗಳಲ್ಲಿ ಸೇರಿಹೋಯಿತು. ಯೂಲಾಲಿ ವಿಷಯ ಕೇಳಿ ಮೂಗು ಮುರಿದಳು. "ಆ ಡೆಸ್ಮಂಡ್ ಊರಿಗೆಲ್ಲ ಮನೆ ಮಾರ್ತಾನೆ, ತಾನು ಮಾತ್ರ ತಂಗಿಯ ಮನೆ ಜಗಲಿಯಲ್ಲಿ ಮಲಗ್ತಾನೆ. ಹೋಗಲಿ ಬಿಡು. ಅದಕ್ಕೆ ಮಾತಾಡೋಕೆ ಯಾರು ಹೋಗ್ತಾರೆ?"

"ನಾನೇ," ಅಂದೆ.

ದಿನವೂ ಮಧ್ಯಾಹ್ನ ಪಾತ್ರೆ ತೊಳೆದು, ಚಂಪಾ ಶಾಲೆಯಿಂದ ಬರುವ ಮೊದಲು ಸಿಗುವ ಬಿಡುವಿನಲ್ಲಿ ನಾನು ಕೊಲ್ಲಿಗೆ ಇಳಿದು ಹೋಗುತ್ತಿದ್ದೆ. ಕಿಟಕಿ ತೆಗೆಯುವುದು, ನೀರು ಕಾಯಿಸುವುದು, ಜಗಲಿಯ ಮೇಲೆ ಕೂರುವುದು. ಮೊದಮೊದಲು ಬೇರೆಯವರ ಮನೆಗಳಲ್ಲಿ ಮಾತಾಡುತ್ತಿದ್ದಂತೆ ಅವರ ಭಾಷೆಯಲ್ಲಿಯೇ ಏನಾದರೂ ಹೇಳುತ್ತಿದ್ದೆ. ಆಮೇಲೆ ಒಂದು ದಿನ, ಇದು ನಮ್ಮದೇ ಮನೆಯಲ್ಲವೇ, ಕನ್ನಡದಲ್ಲಿ ಮಾತಾಡಿದರೆ ಏನು ಅನ್ನಿಸಿತು. ಆಡಿದೆ. ಅಂದಿನಿಂದ ನಿಲ್ಲಿಸಲಾಗಲಿಲ್ಲ.

ಏನೆಲ್ಲ ಹೇಳಿದೆ ಆ ಮನೆಗೆ! ಹೊಳೆ ಇಳಿದಾಗ ಸೊಂಟದ ಮಟ್ಟದ ಕೆಸರಿನಲ್ಲಿ ನಿಂತು ಕಾಲ್ಬೆರಳಿನಿಂದ ಬಳಚು ಚಿಪ್ಪುಮೀನು ಹುಡುಕುತ್ತಿದ್ದುದು. ನನ್ನ ಅಕ್ಕ ಸುಶೀಲೆ ಹೆಚ್ಚು ಹೆಕ್ಕಿದವಳ ಬುಟ್ಟಿಯಿಂದ ಕದ್ದು ತನ್ನದಕ್ಕೆ ಹಾಕಿಕೊಳ್ಳುತ್ತಿದ್ದುದು. ಒಣಮೀನು ಸುಟ್ಟ ವಾಸನೆಗೆ ಮಾಸ್ತರರು ಪಾಠ ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದುದು. ಗಜನಿ ಗದ್ದೆಯ ಉಪ್ಪುನೀರಿನಲ್ಲಿ ಬೆಳೆದ ಕೆಂಪಕ್ಕಿಯ ಗಂಜಿ, ಅದರ ಮೇಲೆ ಅಪ್ಪೆಮಿಡಿ. ವಾಮನರ ಹತ್ತಿರ ಇದನ್ನೆಲ್ಲ ನಾನು ಹೇಳುತ್ತಿರಲಿಲ್ಲ. ದಿನವಿಡೀ ಎಂಜಿನ್ನಿನ ಅಡಿಯಲ್ಲಿ ಮಲಗಿ ಬಂದ ಮನುಷ್ಯನಿಗೆ ಬಳಚಿನ ಸಾರು ನೆನಪಿಸುವುದು ಸರಿಯಲ್ಲ. ಚಂಪಾಳಿಗೆ ಹೇಳಿದರೆ ಅವಳಿಗೆ ಅದು ಬರೀ ಕಥೆ. ಮನೆ ಒಂದೇ ಸುಮ್ಮನೆ ಕೇಳುತ್ತಿತ್ತು. ಹಲಗೆಗಳು ಮೆಲ್ಲಗೆ ಕಿರುಗುಟ್ಟುತ್ತಿದ್ದವು. ಬಿಸಿಲಿಗೆ ಅಂದುಕೊಂಡಿದ್ದೆ.

ಹೀಗೆ ಒಂದು ಮಳೆಗಾಲ ಕಳೆದು ಇನ್ನೊಂದು ಬರುವ ಹೊತ್ತಿಗೆ, ಚಂಪಾ ಒಂದು ಬೆಳಿಗ್ಗೆ ಶಾಲೆಗೆ ಹೋದವಳು ದಾರಿಯಿಂದಲೇ ಓಡಿ ಬಂದಳು. "ಅಮ್ಮಾ, ನಮ್ಮ ಮನೆ ನೀರಿಗೆ ಇಳಿದಿದೆ!"

ನಾನು ಒಲೆ ಆರಿಸಿದೆನೋ ಇಲ್ಲವೋ, ಬರಿಗಾಲಿನಲ್ಲಿ ಓಡಿದೆ. ಊರಿನ ಅರ್ಧ ಜನ ಕೊಲ್ಲಿಯ ದಂಡೆಯಲ್ಲಿದ್ದರು. ನಾಲ್ಕು ಗೂಟಗಳ ನಡುವೆ ಖಾಲಿ ಮರಳು. ಅಲ್ಲಿಂದ ಆಚೆ, ಅಲೆಗಳು ಮುರಿಯುವ ಜಾಗದಲ್ಲಿ, ನಮ್ಮ ನೀಲಿ ಮನೆ ಕಡಲಿಗೆ ಮುಖ ಮಾಡಿ ಮೊಣಕಾಲು ನೀರಿನಲ್ಲಿ ನಿಂತಿತ್ತು. ನೀರು ಕುಡಿಯಲು ಇಳಿದ ಎಮ್ಮೆಯ ಹಾಗೆ.

ಇಂಥದ್ದನ್ನು ಆ ಊರು ಕಂಡಿರಲಿಲ್ಲ. ಮನೆಗಳು ಜನರ ಕಡೆ ಬರುತ್ತವೆ, ಓಣಿಗೆ ಬರುತ್ತವೆ, ಒಮ್ಮೆ ಚರ್ಚಿನ ಹಾಡು ಕೇಳಿಕೊಂಡು ಹೋಗಿ ಚರ್ಚಿನ ಬಾಗಿಲಿಗೆ ಅಡ್ಡ ನಿಂತದ್ದೂ ಉಂಟಂತೆ. ಕಡಲಿಗೆ ಯಾವ ಮನೆಯೂ ಇಳಿದಿರಲಿಲ್ಲ.

ವಾಮನ ಬಂದರಿನಿಂದ ಎಣ್ಣೆ ಕೈಯಲ್ಲೇ ಓಡಿ ಬಂದರು. ಯಾರೋ ಹಗ್ಗ ತಂದರು, ಇನ್ನಾರೋ ಟ್ರ್ಯಾಕ್ಟರ್ ತಂದರು. ಒಮ್ಮೆ ಎಳೆದದ್ದಕ್ಕೆ ಜಗಲಿಯ ಕಟಕಟೆ ಕಿತ್ತು ಬಂತು, ಮನೆ ಜಪ್ಪಯ್ಯ ಅನ್ನಲಿಲ್ಲ. ಡೆಸ್ಮಂಡ್ ಬೂಟು ಒದ್ದೆಯಾಗದಷ್ಟು ದೂರ ನಿಂತು, "ಈ ತಿಂಗಳು ಮುಗಿಯುವುದರೊಳಗೆ ಬಿರುಗಾಳಿ ಶುರುವಾಗುತ್ತದೆ, ಸರ್. ಮೊದಲ ದೊಡ್ಡ ಅಲೆಗೆ ಇದು ಸೌದೆ," ಅಂದ. ಆಮೇಲೆ ದನಿ ತಗ್ಗಿಸಿ, "ಕೊಳ್ಳುವ ಗಂಡ ಹೆಂಡತಿ ಸಿಕ್ಕಿದ್ದಾರೆ. ಗೂಟದ ಒಳಗೆ ನಿಂತಿದ್ದರೆ ಕೂಡಲೇ ತಗೊಳ್ಳುತ್ತಾರೆ. ಏನಾದರೂ ಮಾಡಿ," ಅಂದ.

ವಾಮನ ಕಿತ್ತು ಬಂದ ಕಟಕಟೆಯ ತುಂಡನ್ನು ಹೆಗಲ ಮೇಲೆ ಹೊತ್ತುಕೊಂಡು ದಂಡೆಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದರು. ಅದನ್ನು ಎಲ್ಲಿಡಬೇಕು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ನನ್ನ ಮನುಷ್ಯನನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

ಯೂಲಾಲಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಏನು ಹೇಳಿದೆ ಅದಕ್ಕೆ?"

"ಏನಿಲ್ಲ. ನನ್ನ ಭಾಷೆಯಲ್ಲಿ ಮಾತಾಡಿದೆ, ಅಷ್ಟೆ."

"ಯಾವ ಭಾಷೆಯಾದರೇನು, ಮನೆಗೆ ಯಾವುದೂ ಬರಲ್ಲ. ಮಾತಾಡುವಾಗ ಮುಖ ಯಾವ ಕಡೆಗಿತ್ತು?"

ನಾನು ಕೈ ತೋರಿಸಿದೆ. ಮೂಡಣದ ನೀರು, ಅದರಾಚೆ ನೀರು, ಅದರಾಚೆ ಇನ್ನೊಂದು ಖಂಡ, ಮತ್ತೆ ನೀರು, ಆಮೇಲೆ ನಮ್ಮ ಹೊಳೆಬಾಯಿ. ಯೂಲಾಲಿ ಆ ಬೆರಳು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಕೈಯನ್ನು ಕೆಳಗಿಳಿಸಿ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಷ್ಟು ದೂರವಾ ಚಿನ್ನ?" ಅಂದಳು. "ಪಾಪ, ನಡೆದೇ ಹೋಗ್ತೀನಿ ಅಂದುಕೊಂಡಿದೆ."

ಅಂದು ಸಂಜೆ ವಾಮನರಿಗೆ ಎಲ್ಲ ಹೇಳಿದೆ. ಬಳಚು, ಸುಶೀಲಕ್ಕ, ಗಂಜಿ, ಎಲ್ಲ. ಹೇಳಿ, ತಪ್ಪಾಯಿತು ಅಂದೆ. ಅವರು ಕೈಗೆ ಹತ್ತಿದ ಗ್ರೀಸು ಒರೆಸಿಕೊಂಡರು.

"ನಂಗೆ ಹೇಳೂಕಾಗಲಿಲ್ವನೇ?"

"ನಿಮಗೆ ಹೇಳಿದ್ರೆ ನೀವೂ ಅಳ್ತಿದ್ರಿ."

"ಅಳ್ತಿದ್ದೆ. ಆದರೆ ನಾ ಕಡಲಿಗೆ ನಡ್ಕೊಂಡು ಹೋಗ್ತಿರಲಿಲ್ಲ ಮಾರಾಯ್ತಿ."

ಇಬ್ಬರೂ ನಕ್ಕೆವು. ಎಳೆದು ತರಲಾಗದು. ಒಳಗೆ ಮಲಗಿದರೆ ಅಲ್ಲಿಯೇ ನಿಂತುಬಿಡುತ್ತದೆ, ಬಿರುಗಾಳಿಯ ಬಾಯಿಗೆ. ಕಡಲಿಗೆ ಇಳಿಸಿದ ಮಾತೇ ಅದನ್ನು ದಡಕ್ಕೂ ತರಬೇಕು. ಆ ಮಾತು ನನ್ನದೇ.

ಮರುದಿನ ನೀರಿಳಿದ ಹೊತ್ತಿಗೆ ಸೀರೆ ಎತ್ತಿ ಕಟ್ಟಿಕೊಂಡು ಹೋದೆ. ಈ ಸಲ ಜಗಲಿಯ ಕಡೆ ಹೋಗಲಿಲ್ಲ. ಹಿಂಬಾಗಿಲಿನಲ್ಲಿ ಗುಡ್ಡಕ್ಕೆ ಮುಖ ಮಾಡಿ ಕೂತೆ. ಈ ದ್ವೀಪ ಎಷ್ಟು ಚೆಂದ, ಗಾಳಿ ಎಷ್ಟು ಹಿತ, ಜನ ಎಷ್ಟು ಒಳ್ಳೆಯವರು ಎಂದು ಒಂದೇ ಸಮನೆ ಹೇಳಿದೆ. ಗಂಟಲು ಒಣಗುವವರೆಗೆ ಹೇಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಮನೆ ಇನ್ನಷ್ಟು ಆಳಕ್ಕೆ ಹೋಗಿತ್ತು. ಮೆಟ್ಟಿಲು ಕಾಣುತ್ತಿರಲಿಲ್ಲ, ಜಗಲಿಯ ಮೇಲೆ ನೀರು ಆಡುತ್ತಿತ್ತು.

"ಏನು ಹೇಳಿದೆ?" ಅಂದಳು ಯೂಲಾಲಿ. ಹೇಳಿದೆ. ಅವಳು ಹಣೆ ಹಣೆ ಬಡಿದುಕೊಂಡಳು. "ಡೆಸ್ಮಂಡನ ಹಾಗೆ ಮಾತಾಡಿದರೆ ಕಲ್ಲೂ ಎದ್ದು ಓಡುತ್ತೆ! ಯಾರು ಹೇಳಿದರು ಅದನ್ನು ಹೊಗಳು ಅಂತ? ನೀನು ನಿನ್ನೆಯನ್ನೇ ತಂದು ತಂದು ಕೊಟ್ಟೆ, ತಿಂದಿತು. ಇವತ್ತಿನದು ಏನಾದರೂ ಕೊಡು. ಬೇಯುತ್ತಿರೋದು, ಹರಿದದ್ದು, ಒಗೆಯೋದು."

"ನನಗೆ ಇವತ್ತಿನದು ಏನಿದೆ ಯೂಲಾಲಿ, ಕೆಲಸ ಬಿಟ್ಟರೆ?"

"ಕೆಲಸ ತಗೊಂಡು ಹೋಗು ಹಾಗಾದರೆ."

ತೆಗೆದುಕೊಂಡು ಹೋದೆ. ಒಂದು ಬುಟ್ಟಿಯಲ್ಲಿ ಚಂಪಾಳ ಗುಂಡಿ ಕಿತ್ತ ಅಂಗಿ, ವಾಮನರ ಹರಿದ ಪ್ಯಾಂಟು, ಸುಲಿಯಬೇಕಾದ ಅವರೆ ತುಂಬಿ, ತಲೆಯ ಮೇಲೆ ಇಟ್ಟುಕೊಂಡು ಸೊಂಟದ ಮಟ್ಟದ ನೀರಿನಲ್ಲಿ ನಡೆದೆ. ಒಳಗೆ ಕೂತು ಗುಂಡಿ ಹಚ್ಚಿದೆ. ಮೊದಲು ಮಾತೇ ಬರಲಿಲ್ಲ. ಆಮೇಲೆ ದಾರ ತುಂಡಾಯಿತು, ಬೈದೆ. ಬೈದಮೇಲೆ ಮಾತು ಬಂತು. ನೋಡು, ಈ ಹುಡುಗಿ ವಾರಕ್ಕೊಂದು ಗುಂಡಿ ಕೀಳುತ್ತಾಳೆ, ಮರ ಹತ್ತಬೇಡ ಅಂದರೆ ಹಣ್ಣು ಕರೆದಿತು ಅನ್ನುತ್ತಾಳೆ, ಅವಳ ಟೀಚರು ನಿನ್ನೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ದೂರು ಹೇಳಿ ಹೇಳಿ ಕೊನೆಗೆ ಆ ಹಣ್ಣು ಇವಳಿಂದಲೇ ಇಸಿದುಕೊಂಡು ತಿಂದಳು. ಹೀಗೆ. ಮಧ್ಯಾಹ್ನದ ಮೇಲೆ ಚಂಪಾಳೇ ಬಂದಳು. ಅಪ್ಪನ ಹೆಗಲ ಮೇಲೆ ಕೂತು, ಪುಸ್ತಕದ ಚೀಲ ತಲೆಯ ಮೇಲೆ ಹಿಡಿದುಕೊಂಡು. ಕಿಟಕಿಯ ಕಟ್ಟೆಯ ಮೇಲೆ ಕೂತು ಮಗ್ಗಿ ಓದಿದಳು, ತಪ್ಪಿದಳು, ನಾನು ಗದರಿದೆ. ಯೂಲಾಲಿ ದೋಣಿಯಲ್ಲಿ ಬಂದು, ಮೇಕೆ ತನ್ನ ಚರ್ಚಿನ ಟೊಪ್ಪಿಗೆ ತಿಂದ ವಿಷಯವನ್ನು ಕಡಲಿಗೆಲ್ಲ ಕೇಳುವ ಹಾಗೆ ಹೇಳಿದಳು. ಸಂಜೆ ಬೀಗ ಹಾಕಿಕೊಂಡು ಎಲ್ಲರೂ ಹೋದೆವು.

ಬೆಳಿಗ್ಗೆ ಮೆಟ್ಟಿಲು ಕಾಣುತ್ತಿತ್ತು.

ಇದನ್ನು ಹೇಳುತ್ತಿದ್ದಾಗಲೇ ಹಾಲು ಉಕ್ಕಿದ ವಾಸನೆ ಬಂತು, ಎದ್ದು ಹೋಗಿ ಒಲೆ ಒರೆಸಿ ಬಂದೆ. ಎಲ್ಲಿಗೆ ನಿಲ್ಲಿಸಿದ್ದೆ? ಮೆಟ್ಟಿಲು. ಅಂದಿನಿಂದ ನನ್ನ ಸಂಸಾರವೇ ಹಗಲಿಡೀ ಆ ಮನೆಗೆ ಹೋಯಿತು, ಸಂಜೆ ತಿರುಗಿ ಬಂತು. ಮನೆ ಪ್ರತಿ ರಾತ್ರಿ ಒಂದಿಷ್ಟು ದಡಕ್ಕೆ ಬಂತು. ಊರು ಬೆಳಿಗ್ಗೆ ಎದ್ದ ಕೂಡಲೇ ಕೊಲ್ಲಿಯ ಕಡೆ ನೋಡುತ್ತಿತ್ತು. ಬೇಕರಿಯಲ್ಲಿ ಅದೇ ಮಾತು. "ಇವತ್ತು ಎಲ್ಲಿಗೆ ಬಂದಿದೆಯಂತೆ?" "ಒದ್ದೆ ಮರಳಿಗೆ." "ಹಾಗಾದರೆ ಅಡುಗೆ ಏನು ಮಾಡಿದ್ದಳಂತೆ ನಿನ್ನೆ?"

ಮನೆ ಇಳಿದ ದಾರಿಯಲ್ಲೇ ಹತ್ತಲಿಲ್ಲ. ಓರೆಯಾಗಿ ನಡೆದು, ಕೊಲ್ಲಿಯ ತುದಿಯಲ್ಲಿ ಮೀನು ಕೊಯ್ಯುವ ಹೆಂಗಸರ ಕಲ್ಲುಗಳಿವೆಯಲ್ಲ, ಅಲ್ಲಿಗೆ ಬಂದು ಒಣ ನೆಲ ಮುಟ್ಟಿತು. ಬಲೆ, ಸಿಪ್ಪೆ, ಬೆಕ್ಕು, ರಕ್ತದ ನೀರು, ಒಬ್ಬಳ ಮಾತು ಇನ್ನೊಬ್ಬಳಿಗೆ ಕೇಳದಷ್ಟು ಗಲಾಟೆ. ಅದು ಯಾರ ಜಾಗವೂ ಅಲ್ಲ, ಊರಿನ ಜಾಗ. ಅಂಥ ಕಡೆ ಬಂದು ನಿಂತ ಮನೆಯನ್ನು ಒಳಗೆ ಜನ ಇರುವವರೆಗೆ ಯಾರೂ ಏಳಿಸುವ ಹಾಗಿಲ್ಲ. ಆದರೆ ಅದನ್ನು ಮಾರುವ ಹಾಗೂ ಇಲ್ಲ. ಆ ದಿನ ನಾನು ಹೋದಾಗ ಹೆಂಗಸರು ನಮ್ಮ ಮೆಟ್ಟಿಲಿನ ಮೇಲೆಯೇ ಕೂತು ಮೀನು ಕೊಯ್ಯುತ್ತಿದ್ದರು. ನನ್ನನ್ನು ಕಂಡು ಸರಿದು ಜಾಗ ಬಿಟ್ಟರು. ಒಬ್ಬಳು ಮೊಂಡು ಚೂರಿಯಿಂದ ದೊಡ್ಡದೊಂದು ಕೆಂಪು ಮೀನಿನ ಜೊತೆ ಗುದ್ದಾಡುತ್ತಿದ್ದಳು. ನನ್ನ ಕೈ ತಡೆಯಲಿಲ್ಲ. ಅವಳಿಂದ ಇಸಿದುಕೊಂಡು, ನಮ್ಮ ಕಡೆ ಮಾಡುವ ಹಾಗೆ ಕಿವಿರಿನ ಬದಿಯಿಂದ ಕೊಯ್ದು ಕೊಟ್ಟೆ.

"ಓಹೋ, ಕಡಲಿನ ಹೆಂಗಸೇ ನೀನು!" ಅಂದಳು ಅವಳು. "ಇಷ್ಟು ವರ್ಷ ಆ ಓಣಿಯಲ್ಲಿ ಏನು ಮಾಡುತ್ತಿದ್ದೆ?"

ನಾನು ಚೂರಿ ತೊಳೆದು ಅವಳಿಗೆ ತಿರುಗಿ ಕೊಟ್ಟೆ. ಅವಳು ಮೀನಿನ ಅರ್ಧ ಭಾಗ ನನ್ನ ಬುಟ್ಟಿಗೆ ಹಾಕಿದಳು.

ಮಧ್ಯಾಹ್ನ ಡೆಸ್ಮಂಡ್ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದ. ಅವನ ಕಣ್ಣು ಮಾತ್ರ ಹೊಳೆಯುತ್ತಿತ್ತು. "ಇನ್ನೊಂದೇ ರಾತ್ರಿ ಮೇಡಂ. ಇವತ್ತು ಸ್ವಲ್ಪ ಆ ನಿವೇಶನದ ಕಡೆಗೆ ಮುಖ ಮಾಡಿ ಮಾತಾಡಿ ಬೀಗ ಹಾಕಿ. ನಾಳೆ ಗೂಟದ ಒಳಗೆ ಇರುತ್ತದೆ. ಆ ಗಂಡ ಹೆಂಡತಿ ನಾಳೆಯೇ ಬರುತ್ತಾರೆ. ವಾರದೊಳಗೆ ನೀವು ನಿಮ್ಮ ಊರಿನ ಹಡಗಿನಲ್ಲಿ."

"ಇಲ್ಲಿಯೇ ನಿಂತರೆ?"

"ಇಲ್ಲಿ?" ಅವನು ಸುತ್ತ ನೋಡಿ ನಕ್ಕ. "ಇಲ್ಲಿ ಇದಕ್ಕೆ ಒಂದು ಬಾಳೆಗೊನೆಯ ಬೆಲೆಯೂ ಇಲ್ಲ."

ಅವನು ಹೋದ. ನಾನು ಒಳಗೆ ಕೂತೆ. ಎರಡು ಕಿಟಕಿಗಳೂ ತೆರೆದಿದ್ದವು. ಒಂದರಿಂದ ನಿವೇಶನದ ಗೂಟಗಳು ಕಾಣುತ್ತಿದ್ದವು. ಇನ್ನೊಂದರಿಂದ ಚಂಪಾ ಶಾಲೆಯಿಂದ ಇಳಿದು ಬರುವುದು ಕಂಡಿತು. ಚೀಲವನ್ನು ದಾರಿಯಲ್ಲೇ ಎಸೆದು, ಮೀನಿನ ಹೆಂಗಸರ ಮಕ್ಕಳ ಜೊತೆ ದೋಣಿ ಹತ್ತಿ ಇಳಿದು, ಏನೋ ಜಗಳ ತೆಗೆದು ಅದನ್ನು ತಾನೇ ಬಗೆಹರಿಸಿ, ಹಸಿವಾಯಿತು ಎಂದು ಕೂಗುತ್ತ ಯೂಲಾಲಿಯ ಮನೆಯ ಕಡೆ ಓಡಿದಳು. ಯೂಲಾಲಿ ತಿನ್ನಲು ಏನಾದರೂ ಕೊಡುತ್ತಾಳೆ ಅಂತ. ನಮ್ಮ ಹೊಳೆಬಾಯಿಗೆ ಇವಳನ್ನು ಕರೆದುಕೊಂಡು ಹೋದರೆ ಅಲ್ಲಿ ಕೂತು ಇವಳು ಯಾವ ಕಡೆಗೆ ಮುಖ ಮಾಡಿ ಮಾತಾಡುತ್ತಾಳೆ? ಯಾವ ಮನೆಗೆ ಹೇಳುತ್ತಾಳೆ? ಅದು ಹೊಳೆದ ಮೇಲೆ ನನಗೆ ಕೂರಲಾಗಲಿಲ್ಲ. ಹೊಳೆ ಮರೆತುಹೋಯಿತು ಅಂತಲ್ಲ. ಈಗಲೂ ಮರೆತಿಲ್ಲ. ಆದರೆ ನಾನು ಎದ್ದು ಅಕ್ಕಿ ತೊಳೆದೆ. ಮೀನಿಗೆ ಖಾರ ಅರೆದು ಹಚ್ಚಿ, ಎಣ್ಣೆ ಕಾಯಿಸಿ, ಹುರಿಯಲು ಬಿಟ್ಟೆ. ಹೊಗೆ ಎದ್ದು ಹೊಸ ಹಲಗೆಗಳಿಗೆಲ್ಲ ಅಡರಿತು.

ಇಳಿಹೊತ್ತಿಗೆ ವಾಮನ ಬಂದು ಮೆಟ್ಟಿಲ ಕೆಳಗೆ ನಿಂತರು. ದಾರಿಯಲ್ಲಿ ಡೆಸ್ಮಂಡ್ ಸಿಕ್ಕಿದ್ದನೆಂದು ಮುಖ ನೋಡಿಯೇ ತಿಳಿಯಿತು.

"ಬಾ ಮಾದೇವಿ, ಬೀಗ ಹಾಕು. ನಾಳೆಗೆ ಮುಟ್ತದಂತೆ."

"ಅನ್ನಕ್ಕೆ ಇಟ್ಟಿದ್ದೇನೆ."

"ಮನೆಗೆ ಹೋಗಿ ಉಣ್ಣುವಾ."

"ಅದನ್ನೇ ಹೇಳಿದ್ದು," ಅಂದೆ.

ಅವರಿಗೆ ಒಮ್ಮೆಗೆ ತಿಳಿಯಲಿಲ್ಲ. ಹುರಿದ ಮೀನಿನ ವಾಸನೆ ಮೂಗಿಗೆ ಹೋದ ಮೇಲೆ ತಿಳಿಯಿತು. ಕತ್ತೆತ್ತಿ ನೋಡಿದರು, ಬಾಗಿಲಿನಿಂದ ಹೊಗೆ ಬರುತ್ತಿತ್ತು. ತಿರುಗಿ ಗೂಟಗಳನ್ನು ನೋಡಿದರು. ಬಂದರಿನಲ್ಲಿ ಕಳೆದ ಅವರ ವರ್ಷಗಳೆಲ್ಲ ಆ ನೋಟದಲ್ಲಿದ್ದವು. ನಾನು ಸೌಟು ಹಿಡಿದುಕೊಂಡೇ ಬಾಗಿಲಿನಲ್ಲಿ ನಿಂತಿದ್ದೆ. ಬೇಡ ಅಂದರೆ ಒಲೆ ಆರಿಸುತ್ತಿದ್ದೆ. ಹೌದು, ಆರಿಸುತ್ತಿದ್ದೆ.

"ಊರಿಗೆ?" ಅಂದರು.

"ಹೋಗಿ ಬರುವಾ. ಅಕ್ಕನ್ನ ನೋಡ್ಕೊಂಡು, ಬಳಚಿನ ಸಾರು ಉಂಡ್ಕೊಂಡು ಬರುವಾ. ಯೂಲಾಲಿ ಇಲ್ಲಿ ಮಾತಾಡ್ತಿರ್ತಾಳೆ."

"ಈ ಮೀನು ಗಬ್ಬಿನಲ್ಲಿ ಇರೂದಾ?"

"ನೀವು ಎಂತದು, ಪೇಟೆಯಲ್ಲಿ ಹುಟ್ಟಿದವರಾ?"

ಮೀನು ಕೊಯ್ಯುವವಳು ಕನ್ನಡ ತಿಳಿಯದೆಯೂ ನಕ್ಕಳು. ವಾಮನರೂ ನಕ್ಕರೇನೋ, ಮುಖ ಆ ಕಡೆ ತಿರುಗಿಸಿದ್ದರು. ಆಮೇಲೆ ಗುಡ್ಡದ ದಾರಿ ಹತ್ತಿ ಹೊರಟರು. ನನಗೆ ಏನು ತಿಳಿದುಕೊಳ್ಳಬೇಕೋ ತಿಳಿಯಲಿಲ್ಲ. ಅನ್ನ ಕುದಿಯಿತು, ಬಾಗಿಸಿದೆ. ಮೀನು ಮಗುಚಿದೆ. ಬಿಸಿಲು ಗೋಡೆಯಿಂದ ಇಳಿಯಿತು. ಹೆಂಗಸರು ಒಬ್ಬೊಬ್ಬರಾಗಿ ಚೂರಿ ತೊಳೆದುಕೊಂಡು ಎದ್ದರು.

ಆಗ ಇಳಿಜಾರಿನಲ್ಲಿ ಒಂದು ಹಾಸಿಗೆ ಬರುತ್ತಿರುವುದು ಕಂಡಿತು. ಅದರಡಿಯಲ್ಲಿ ಎರಡು ಕಾಲು ಮಾತ್ರ, ಮುಖ ಕಾಣುತ್ತಿರಲಿಲ್ಲ. ಹಿಂದೆ ದಿಂಬು ಅಪ್ಪಿಕೊಂಡು ಚಂಪಾ. ಅವಳ ಹಿಂದೆ ಯೂಲಾಲಿ ತಲೆಯ ಮೇಲೆ ನೀರಿನ ಕೊಡ ಇಟ್ಟುಕೊಂಡು, "ಎಡಕ್ಕೆ, ಎಡಕ್ಕೆ, ಬಲೆಯಲ್ಲಿ ಕಾಲು ಸಿಕ್ಕಿಸಿಕೊಳ್ಳಬೇಡ ಮಹಾರಾಯ" ಎಂದು ಹಾಸಿಗೆಯನ್ನು ಬೈಯುತ್ತ ಬರುತ್ತಿದ್ದಳು.

ಹಾಸಿಗೆ ಹೊಸ್ತಿಲು ದಾಟಿತು. ಚಂಪಾ ನೇರ ಹಿಂದಿನ ಕೋಣೆಗೆ ಓಡಿದಳು. ನನ್ನ ಕಾಲಡಿಯ ಹಲಗೆ ಒಮ್ಮೆ ಮೆಲ್ಲಗೆ ನಡುಗಿತು. ಆಮೇಲೆ ಇಡೀ ಮನೆ, ದಿನವಿಡೀ ದುಡಿದು ಬಂದ ದನ ಕಾಲು ಮಡಚಿ ಕೂರುವಂತೆ, ಒಂದು ನಿಟ್ಟುಸಿರು ಬಿಟ್ಟು ನೆಲಕ್ಕೆ ಕೂತಿತು. ಬಾಣಲೆಯ ಎಣ್ಣೆ ತುಳುಕಲಿಲ್ಲ. ನಾನು ಅದನ್ನು ಇಳಿಸಿ ಎಲ್ಲರಿಗೂ ಬಡಿಸಿದೆ.